ಸಂತೆಯ ದಿನವೇ ಅಂಗಡಿ ಮುಚ್ಚುವುದೇಕೆ?

ಕಾರವಾರದಲ್ಲಿ ಸಂತೆ ನಡೆಯುವುದು ರವಿವಾರ, ನನ್ನ ಹೊಲಿಗೆ ಅಂಗಡಿ ಮುಚ್ಚಿರುವುದೂ ರವಿವಾರವೇ. ಇದನ್ನು ಗಮನಿಸಿದವರೆಲ್ಲ ಹದಿನಾರು ವರ್ಷಗಳಿಂದ ಒಂದೇ ಪ್ರಶ್ನೆಯನ್ನು ಕೇಳುತ್ತ ಬಂದಿದ್ದಾರೆ: "ಸಂತೆ ದಿನವೇ ಬಂದ್ ಮಾಡ್ತೀರಲ್ಲ ಅಕ್ಕಾ, ಒಂದು ದಿನ ತೆಗೆದ್ರೆ ನಿಮ್ಮ ದೇವ್ರು ಸಿಟ್ಟಾಗ್ತಾನಾ?" ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಆಮೇಲೆ ಕುಳ್ಳಿರಿಸಿ ವಿವರಿಸತೊಡಗಿದೆ. ಈಗ ಎರಡಕ್ಕೂ ತಾಳ್ಮೆಯಿಲ್ಲ. ಟೇಪು ಹಿಡಿದು ಅಳತೆ ತೆಗೆಯುತ್ತ, ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಇಷ್ಟನ್ನೆಲ್ಲ ಹೇಳುವುದು ಸಾಧ್ಯವಿಲ್ಲದ ಕಾರಣ ಒಮ್ಮೆಗೇ ಬರೆದಿಡುತ್ತಿದ್ದೇನೆ.

ನಷ್ಟದ ಬಗ್ಗೆ ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಕದ್ರಾ, ಮಲ್ಲಾಪುರ, ಮಾಜಾಳಿಗಳಿಂದ ಬಸ್ಸು ಹಿಡಿದು ಬರುವವರು ಅದೇ ಓಡಾಟದಲ್ಲಿ ಬ್ಲೌಸಿನ ಬಟ್ಟೆಯನ್ನೂ ಕೊಟ್ಟುಹೋಗಲು ಬಯಸುವುದು ಸಹಜ, ಬಾಗಿಲು ಮುಚ್ಚಿದ್ದರೆ ಅವರು ಮುಂದಿನ ಅಂಗಡಿಗೆ ಹೋಗುವುದೂ ಸಹಜ. ವರ್ಷಕ್ಕೆ 52 ಸಂತೆಗಳನ್ನು ಬಿಟ್ಟುಕೊಟ್ಟರೆ ಕೈಬಿಡುವ ಹಣ ಎಷ್ಟೆಂದು ನನ್ನ ಲೆಕ್ಕದ ಪುಸ್ತಕಕ್ಕೆ ಗೊತ್ತಿದೆ. ನನ್ನನ್ನು ಕೆರಳಿಸುವುದು "ಸಿಟ್ಟಾಗ್ತಾನಾ" ಎಂಬ ಆ ಕೊನೆಯ ಮಾತು. ನಾವು ವಾರಕ್ಕೊಮ್ಮೆ ಹೆದರಿ ಕೈಕಟ್ಟಿ ಕುಳಿತುಕೊಳ್ಳುತ್ತೇವೆ, ವಿಶ್ರಾಂತಿಯೆಂದರೆ ನಾವು ದೇವರಿಗೆ ಕಟ್ಟುವ ದಂಡ ಎಂಬ ಎಣಿಕೆ ಆ ಮಾತಿನಲ್ಲಿದೆ. ಬೈಬಲಿನ ಹತ್ತು ಆಜ್ಞೆಗಳಲ್ಲಿ ವಾರಕ್ಕೊಂದು ದಿನ ವಿಶ್ರಮಿಸಬೇಕೆನ್ನುವ ಈ ಒಂದನ್ನು ಓದಿದರೆ ಅದರ ತುಂಬ ಇರುವುದು ಯಾರು ಯಾರನ್ನು ದುಡಿತದಿಂದ ಬಿಡಬೇಕೆಂಬ ಪಟ್ಟಿ. ಆದರೆ ಆ ಪಟ್ಟಿಯನ್ನು ನಾನೂ ಬಹಳ ತಡವಾಗಿ ಓದಿದೆ, ಅದನ್ನು ಮುಂದೆ ಹೇಳುತ್ತೇನೆ.

ನಿಯಮವನ್ನು ಮೊದಲು ಹೇಳಿ ಮುಗಿಸುತ್ತೇನೆ. ಕಥೋಲಿಕರಾದ ನಮ್ಮ ಎಣಿಕೆಯಲ್ಲಿ ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿಯ ದಿನದ, ಆಜ್ಞೆ ಮೂರನೆಯದು, ಪ್ರೊಟೆಸ್ಟೆಂಟರಲ್ಲಿ ಬಹುತೇಕರ ಎಣಿಕೆಯಲ್ಲಿ ನಾಲ್ಕನೆಯದು. 1983ರ ನಮ್ಮ ಧರ್ಮಸಭೆಯ ಕಾನೂನು ರವಿವಾರ ಬಲಿಪೂಜೆಯಲ್ಲಿ, ಅಂದರೆ ಇಗರ್ಜಿಯ (ಚರ್ಚಿನ) ಪೂಜೆಯಲ್ಲಿ, ಭಾಗವಹಿಸಬೇಕೆಂದು ಹೇಳುವುದರ ಜೊತೆಗೆ, ಆರಾಧನೆಗೂ ಆ ದಿನದ ಸಂತೋಷಕ್ಕೂ ಮೈಮನಸ್ಸುಗಳ ವಿಶ್ರಾಂತಿಗೂ ಅಡ್ಡಿಯಾಗುವ ಕೆಲಸ ವ್ಯವಹಾರಗಳಿಂದ ದೂರವಿರಬೇಕೆಂದೂ ಹೇಳುತ್ತದೆ. ಬೆಳಿಗ್ಗೆ ಇಗರ್ಜಿಗೆ ಹೋಗಿಬಂದು ಹತ್ತು ಗಂಟೆಗೆ ಅಂಗಡಿ ತೆರೆದರೆ ನಿಯಮದ ಮೊದಲ ಅರ್ಧವನ್ನಷ್ಟೇ ಪಾಲಿಸಿದಂತೆ.

ಇನ್ನೊಂದು ಕಡೆಯಿಂದ ಬರುವ ಪ್ರಶ್ನೆಯೂ ಇದೆ. ನಮ್ಮ ಬಂಧುಗಳಲ್ಲಿ ಒಬ್ಬರು ಏಳನೆಯ ದಿನದ ಅಡ್ವೆಂಟಿಸ್ಟರ ಸಭೆಗೆ ಸೇರಿದವರು. ಅವರು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಸಬ್ಬತ್ತನ್ನು ಆಚರಿಸುತ್ತಾರೆ, ಬಂದಾಗಲೆಲ್ಲ "ನಿಮ್ಮ ದಿನವೇ ತಪ್ಪು" ಎನ್ನುತ್ತಾರೆ. ಏಳನೆಯ ದಿನ ಶನಿವಾರವೇ ಎಂಬುದರಲ್ಲಿ ಅವರು ಹೇಳುವುದು ಸರಿ. ಯೆಹೂದ್ಯರಿಗೆ ಅದು ಇಂದಿಗೂ ಶನಿವಾರವೇ. ಯೇಸು ಪುನರುತ್ಥಾನಗೊಂಡದ್ದು ವಾರದ ಮೊದಲ ದಿನವೆಂದು ಆರಂಭದ ಕ್ರೈಸ್ತರು ಆ ದಿನ ಕೂಡುತ್ತಿದ್ದರು. ಎರಡನೆಯ ಶತಮಾನದ ನಡುವಿನಲ್ಲಿ ಜಸ್ಟಿನ್ ಎಂಬ ರಕ್ತಸಾಕ್ಷಿ (ನಂಬಿಕೆಗಾಗಿ ಪ್ರಾಣ ಕೊಟ್ಟವರು) ರೋಮಿನ ಚಕ್ರವರ್ತಿಗೆ ಬರೆದ ಕ್ರೈಸ್ತ ಧರ್ಮದ ಸಮರ್ಥನೆಯಲ್ಲಿ ಸೂರ್ಯನ ದಿನದ ಈ ಕೂಟದ ವರ್ಣನೆಯಿದೆ. ಆದರೆ ದುಡಿಮೆ ನಿಲ್ಲಿಸುವ ರಾಜಾಜ್ಞೆ ಬಂದದ್ದು 321ರಲ್ಲಿ, ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲಕ್ಕೆ. ನ್ಯಾಯಾಧೀಶರೂ ಪಟ್ಟಣಿಗರೂ ವಿಶ್ರಮಿಸಲಿ, ಕಾರ್ಯಾಗಾರಗಳು ಮುಚ್ಚಿರಲಿ ಎಂದ ಆ ಆಜ್ಞೆ, ಬಿತ್ತನೆಯ ಹದ ತಪ್ಪೀತೆಂದು ರೈತರಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಪೋರ್ಚುಗೀಸರ ಭಾಷೆಯಲ್ಲಿ ಶನಿವಾರಕ್ಕೆ ಇಂದಿಗೂ ಸಬ್ಬತ್ತಿನ ಹೆಸರೇ ಇದೆ, ರವಿವಾರ ಮಾತ್ರ ದೊಮಿಂಗು, ಪ್ರಭುವಿನ ದಿನ. ನಮ್ಮ ಕಡೆ ಹುಡುಗರಿಗೆ ಇಡುವ ದುಮಿಂಗ್ ಎಂಬ ಹೆಸರಿನ ಬೇರು ಅದೇ. ಬಂಧುಗಳಿಗೆ ಇದಕ್ಕಿಂತ ಹೆಚ್ಚಿನ ಉತ್ತರವನ್ನು ನಾನು ಕೊಡುವುದಿಲ್ಲ, ಏಕೆಂದರೆ ನನ್ನನ್ನು ನಿಜವಾಗಿ ಅಲುಗಿಸಿದ ಪ್ರಶ್ನೆ ದಿನದ ಕುರಿತಾಗಿರಲಿಲ್ಲ.

ಅಂಗಡಿ ತೆರೆದ ನಾಲ್ಕನೆಯ ವರ್ಷ ಮೇ ತಿಂಗಳಲ್ಲಿ ಮದುವೆಗಳು ಒಂದರ ಮೇಲೊಂದು ಬಂದವು. ಸದಾಶಿವಗಡದ ಮನೆಯೊಂದರ ಹದಿನಾಲ್ಕು ಬ್ಲೌಸುಗಳನ್ನು ಸೋಮವಾರ ಬೆಳಿಗ್ಗೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ, ಶನಿವಾರ ರಾತ್ರಿಯಾದರೂ ಆರು ಬ್ಲೌಸುಗಳಿಗೆ ಅಸ್ತರು ಕೂಡ ಕತ್ತರಿಸಿರಲಿಲ್ಲ. ಆಗ ನಾನು ಮಾಡಿದ ಏರ್ಪಾಡು ನನಗೆ ಬಹಳ ಜಾಣತನದ್ದೆಂದು ತೋರಿತ್ತು. ನಾನು ರವಿವಾರ ಯಂತ್ರ ಮುಟ್ಟುವಂತಿಲ್ಲ, ಸರಿ. ನನ್ನ ಬಳಿ ಹೊಲಿಯುವ ಇಬ್ಬರು ಹೆಣ್ಣುಮಕ್ಕಳೂ ಹಿಂದೂಗಳು, ಅವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಅವರು ಬಂದು ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಹೊಲಿಯಲಿ, ನಾನು ಇಗರ್ಜಿ ಮುಗಿಸಿ ಮನೆಯಲ್ಲಿ ಮಕ್ಕಳೊಡನೆ ಇರುತ್ತೇನೆ. ಮಧ್ಯಾಹ್ನ ಅವರಿಗೆಂದು ಸನ್ನ, ಕೋಳಿಸಾರು ಕಟ್ಟಿಕೊಂಡು ಹೋದೆ. ಚೆಂಡಿಯಾದಿಂದ ಬರುತ್ತಿದ್ದ ಹುಡುಗಿ ಹುಕ್ಕು ಹಚ್ಚುತ್ತ ಕುಳಿತಿದ್ದಳು. ತಲೆಯೆತ್ತದೆಯೇ ಕೇಳಿದಳು: "ಅಕ್ಕಾ, ನಿಮ್ಮ ದೇವ್ರ ರಜೆ ನಮ್ಗೆ ಇಲ್ವಾ?"

ಅವಳಿಗೆ ಕೋಪವಿರಲಿಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದ್ದಳು. ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಏನೋ ಹೇಳಿ ಹೊರಬಂದೆ. ಏನು ಹೇಳಿದೆನೆಂದು ನೆನಪಿಲ್ಲ.

ಅಂದು ಸಂಜೆ ಬೈಬಲ್ ತೆರೆದೆ. ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ನಾವು ಬಾಯಿಪಾಠ ಮಾಡಿದ ಆಜ್ಞೆ ಬಹಳ ಚಿಕ್ಕದು: ಪ್ರಭುವಿನ ದಿನವನ್ನು ಪವಿತ್ರವಾಗಿ ಆಚರಿಸಬೇಕು, ಅಷ್ಟೇ. ಮೂಲದಲ್ಲಿ ಅದು ಹತ್ತರಲ್ಲಿ ಅತ್ಯಂತ ದೀರ್ಘವಾದ ಆಜ್ಞೆಗಳಲ್ಲೊಂದು. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಉಳಿದ ಪಶುಗಳು, ಊರಬಾಗಿಲೊಳಗೆ ವಾಸಿಸುವ ಪರದೇಶಿ, ಹೀಗೆ ಒಬ್ಬೊಬ್ಬರನ್ನೇ ಹೆಸರಿಸಿ, ನಿನಗೆ ಸಿಕ್ಕ ವಿಶ್ರಾಂತಿ ನಿನ್ನ ದಾಸದಾಸಿಯರಿಗೂ ಸಿಗಬೇಕೆಂದು ಬಿಡಿಸಿ ಹೇಳಿದೆ. ವಿಮೋಚನಕಾಂಡದಲ್ಲಿ ಈ ಆಜ್ಞೆಗೆ ಕೊಟ್ಟ ಕಾರಣ ದೇವರು ಆರು ದಿನಗಳಲ್ಲಿ ಸೃಷ್ಟಿ ಮುಗಿಸಿ ಏಳನೆಯ ದಿನ ವಿಶ್ರಮಿಸಿದ್ದು. ಇಲ್ಲಿ ಕಾರಣವೇ ಬೇರೆ: ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ, ಮರೆಯಬೇಡ. ಪರದೇಶಿ ಎಂದರೆ ಅದೇ ದೇವರನ್ನು ನಂಬದವನೂ ಹೌದು. ಅವರು ಹಿಂದೂಗಳು, ಅವರಿಗಿದು ಅನ್ವಯಿಸುವುದಿಲ್ಲ ಎಂದು ನಾನು ಯಾವ ಸಂದಿಯಲ್ಲಿ ನುಸುಳಿದ್ದೆನೋ ಆ ಸಂದಿಯನ್ನು ಅಲ್ಲಿ ಮೊದಲೇ ಮುಚ್ಚಿಡಲಾಗಿತ್ತು.

ಮುಂದಿನ ವಾರದಿಂದ ಅವರಿಗೂ ರವಿವಾರ ಪೂರ್ತಿ ರಜೆ ಎಂದೆ. ಸಂತೋಷಪಡುತ್ತಾರೆಂದು ಎಣಿಸಿದ್ದೆ. ಎರಡು ತಿಂಗಳು ಕಳೆದ ಮೇಲೆ ಹಿರಿಯಳಾದವಳು ಬಂದು, "ರಜೆ ಬ್ಯಾಡ ಅಕ್ಕಾ, ಪೀಸು ಕೊಡಿ" ಎಂದಳು. ನಮ್ಮಲ್ಲಿ ಲೆಕ್ಕ ಪೀಸಿನ ಮೇಲೆ, ಹೊಲಿದ ಬ್ಲೌಸಿಗೆ ಇಷ್ಟು, ಫಾಲ್ ಹಚ್ಚಿದ ಸೀರೆಗೆ ಇಷ್ಟು. ಯಂತ್ರ ನಿಂತ ದಿನ ಕೂಲಿಯೂ ನಿಲ್ಲುತ್ತದೆ. ನಾನು ಕೊಟ್ಟ ರಜೆಯ ಬೆಲೆಯನ್ನು ಅವಳು ತೆರುತ್ತಿದ್ದಳು.

ಆಗ ನನಗೆ ನೆನಪಾದದ್ದು ಮನ್ನದ ಕಥೆ. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ಪ್ರತಿದಿನ ಆ ದಿನಕ್ಕೆ ಬೇಕಾದಷ್ಟೇ ಆಹಾರ ಆಕಾಶದಿಂದ ಬೀಳುತ್ತಿತ್ತು, ಮರುದಿನಕ್ಕೆಂದು ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಆದರೆ ಆರನೆಯ ದಿನ ಮಾತ್ರ ಎರಡು ಪಟ್ಟು ಸಿಗುತ್ತಿತ್ತು, ಅದು ಕೆಡುತ್ತಿರಲಿಲ್ಲ. ಅವರ ನಾಯಕ ಮೋಶೆಗೆ ಸಿನಾಯಿ ಬೆಟ್ಟದಲ್ಲಿ ಆಜ್ಞೆಗಳು ಸಿಗುವ ಮೊದಲೇ ಬರುವ ಕಥೆಯಿದು. ಅಂದರೆ ಕೆಲಸ ನಿಲ್ಲಿಸೆಂದು ಹೇಳುವ ಮೊದಲು ದೇವರು ಆ ದಿನದ ಊಟವನ್ನು ಹಿಂದಿನ ದಿನವೇ ಒದಗಿಸಿದ್ದ. ನಾನು ಊಟ ಒದಗಿಸದೆ ಆಜ್ಞೆಯನ್ನಷ್ಟೇ ಹೊರಡಿಸಿದ್ದೆ. ಅಂದಿನ ದರದಲ್ಲಿ ಒಂದು ಬ್ಲೌಸಿಗೆ ಅವರಿಗೆ 60 ರೂಪಾಯಿ ಕೊಡುತ್ತಿದ್ದೆ, ಅದನ್ನು 70 ಮಾಡಿದೆ. ಆರರಲ್ಲಿ ಒಂದು ಪಾಲನ್ನು ಸೇರಿಸಿದರೆ ಆರು ದಿನಗಳ ಹೊಲಿಗೆಯಲ್ಲಿ ಏಳು ದಿನಗಳ ಕೂಲಿ ಬರುತ್ತದೆ. ಹೆಚ್ಚಿದ ಹತ್ತರಲ್ಲಿ ಐದನ್ನು ಗಿರಾಕಿಗಳ ಮೇಲೆ ಹಾಕಿದೆ, ಐದನ್ನು ನಾನು ಹೊತ್ತೆ. ದರ ಏರಿತೆಂದು ಬೈದವರಿದ್ದಾರೆ. ಏಕೆ ಏರಿತೆಂದು ಕೇಳಿದವರು ಒಬ್ಬರೂ ಇಲ್ಲ.

ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿರುವ ಪ್ರಶ್ನೆ ಇದು: ಆ ದಿನದ ಕೂಲಿಯನ್ನು ಯಾರು ಕೊಡುತ್ತಾರೆ? ರವಿವಾರದ ರಜೆ ಬ್ರಿಟಿಷರು ತಮ್ಮ ಧರ್ಮಕ್ಕಾಗಿ ತಂದು ನಮಗೂ ಹಂಚಿಹೋದದ್ದು ಎಂದು ನಂಬಿದವರು ಬಹಳ. ಕಚೇರಿಗಳ ಮಟ್ಟಿಗೆ ಅದು ನಿಜವಿರಬಹುದು, ಗಿರಣಿಗಳ ಮಟ್ಟಿಗೆ ಅಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗೆ ವಾರದ ರಜೆ ಬೇಕೆಂದು ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ಹೋರಾಡಿದರು, ಗಿರಣಿ ಮಾಲೀಕರು ರವಿವಾರದ ರಜೆಗೆ ಒಪ್ಪಿದ್ದು 1890ರ ಜೂನ್‌ನಲ್ಲಿ. ಆ ಮಾಲೀಕರಲ್ಲಿ ಇಗರ್ಜಿಗೆ ಹೋಗುವವರೂ ಇದ್ದರು, ಅವರ ಧರ್ಮ ಅದುವರೆಗೆ ಕೂಲಿಯವರ ತನಕ ಇಳಿದಿರಲಿಲ್ಲ. ನಮ್ಮ ರಾಜ್ಯದ 1961ರ ಅಂಗಡಿಗಳ ಕಾಯಿದೆಯೂ ಕೆಲಸದವರಿಗೆ ವಾರಕ್ಕೊಂದು ಪೂರ್ಣ ದಿನದ ರಜೆ ಕೊಡಬೇಕೆನ್ನುತ್ತದೆ. ನನ್ನನ್ನು ಪ್ರಶ್ನಿಸುವ ಅಂಗಡಿಕಾರರಲ್ಲಿ ಎಷ್ಟು ಮಂದಿ ತಮ್ಮ ಹುಡುಗರಿಗೆ ಅದನ್ನು ಕೊಡುತ್ತಾರೆಂದು ನಾನೂ ತಿರುಗಿ ಕೇಳಬಹುದು.

ಒಂದು ಆಕ್ಷೇಪಕ್ಕೆ ಮಾತ್ರ ನನ್ನ ಉತ್ತರ ಪೂರ್ಣವಲ್ಲ. ಇಗರ್ಜಿಯಿಂದ ಬರುವಾಗ ನಾನೂ ಸಂತೆಯಲ್ಲಿ ತರಕಾರಿ ಕೊಳ್ಳುತ್ತೇನೆ. ನನಗಾಗಿ ಬಿಸಿಲಿನಲ್ಲಿ ಕುಳಿತವಳ ದುಡಿತದ ಗತಿಯೇನು? ಹಾವೇರಿ ಕಡೆಯಿಂದ ಬದನೆ, ಮೆಣಸಿನಕಾಯಿ ತರುವ ಒಬ್ಬಾಕೆಯನ್ನು ಇದನ್ನೇ ಕೇಳಿದೆ. ನನ್ನ ಅಂಗಡಿ ಏಕೆ ಮುಚ್ಚಿರುತ್ತದೆಂದು ಆಕೆಗೆ ವಿವರಿಸಬೇಕಾಗಲೇ ಇಲ್ಲ. "ನಮ್ಮೂರಾಗ ಸೋಮವಾರ ಎತ್ತು ಹೂಡಂಗಿಲ್ರೀ" ಎಂದರು. ಸೋಮವಾರ ಬಸವಣ್ಣನ ವಾರ, ಅಂದು ನೊಗ ಮುಟ್ಟುವುದಿಲ್ಲ, ರಾತ್ರಿ ಹೊರಟರೆ ಅಷ್ಟು ಹೊತ್ತಿಗೆ ತಾನೂ ಮನೆಯಲ್ಲಿರುತ್ತೇನೆ ಎಂದರು. ಆಜ್ಞೆಯ ಪಟ್ಟಿಯಲ್ಲಿರುವ ಎತ್ತು ಅವರ ಊರಿನಲ್ಲಿ ನಮಗಿಂತ ಒಂದು ದಿನ ತಡವಾಗಿ ವಿಶ್ರಮಿಸುತ್ತದೆ. ಅಂದಿನಿಂದ ಅವರ ಬಳಿ ಚೌಕಾಸಿ ಮಾಡುವುದನ್ನು ಬಿಟ್ಟಿದ್ದೇನೆ. ಅದಕ್ಕಿಂತ ಹೆಚ್ಚಿನದನ್ನು ಮಾಡುವ ದಾರಿ ನನಗಿನ್ನೂ ಸಿಕ್ಕಿಲ್ಲ.

ಹದಿನಾರು ವರ್ಷಗಳಲ್ಲಿ ನಾನೇ ರವಿವಾರ ಯಂತ್ರ ತುಳಿದದ್ದು ಎರಡು ಸಲ, ಎರಡು ಸಲವೂ ತೀರಿಕೊಂಡವರಿಗೆ ತೊಡಿಸುವ ಬಟ್ಟೆಗಾಗಿ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ತೆಂದು ಎತ್ತದೆ ಬಿಡುತ್ತೀರಾ ಎಂದು ಯೇಸು ಕೇಳಿದ್ದರು. ಮದುವೆಯ ಬ್ಲೌಸು ಬಾವಿಗೆ ಬಿದ್ದ ಎತ್ತಲ್ಲ, ಅದರ ತಾರೀಖು ಮೂರು ತಿಂಗಳ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಸಂತೆಗೆ ಬರುವವರು ದಯವಿಟ್ಟು ಶನಿವಾರ ಸಂಜೆ ಏಳರೊಳಗೆ ಬನ್ನಿ, ಇಲ್ಲವೇ ಸೋಮವಾರ ಒಂಬತ್ತರ ಮೇಲೆ ಬನ್ನಿ, ಅಳತೆಗೆ ಹಳೆಯ ಬ್ಲೌಸೊಂದನ್ನು ಜೊತೆಗೆ ತನ್ನಿ.