ಮಂಡ್ಯ ಬಂದ್ ದಿನ, ದೊಡ್ಡಪ್ಪನ ಜೊತೆ ಬ್ರಾಡ್‌ಚರ್ಚ್

ನಿವೃತ್ತ ಪೊಲೀಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊಲೆ ಸೀರಿಯಲ್ ನೋಡಬಾರದು. ಮಾತುಮಾತಿಗೆ ನಿಲ್ಲಿಸು ಅನ್ನುತ್ತಾರೆ. ಹಿಂದಕ್ಕೆ ಹಾಕು ಅನ್ನುತ್ತಾರೆ. 'ಇದೆಲ್ಲಾ ಹಿಂಗ್ ನಡಿಯಲ್ಲ ಕಣ್ಲಾ' ಅಂತ ರಾಗ ಎಳೆಯುತ್ತಾರೆ. ಆದರೂ ನಾನು ನೋಡಿದೆ. ಒಬ್ಬನೇ ನೋಡಿದ್ದರೆ ಆ ಸೀರಿಯಲ್ ನನಗೆ ಅರ್ಧವೂ ದಕ್ಕುತ್ತಿರಲಿಲ್ಲ.

2023ರ ಸೆಪ್ಟೆಂಬರ್ 23, ಶನಿವಾರ. ಅವತ್ತು ಮಂಡ್ಯ ಬಂದ್. ತಮಿಳುನಾಡಿಗೆ ದಿನಕ್ಕೆ 5,000 ಕ್ಯೂಸೆಕ್ ನೀರು ಬಿಡಬೇಕು ಅನ್ನೋ ಆದೇಶದಲ್ಲಿ ಕೈ ಹಾಕುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿ ಎರಡು ದಿನವಾಗಿತ್ತು. ಮಳೆ ಕೈಕೊಟ್ಟ ವರ್ಷ ಅದು. 124.80 ಅಡಿ ತುಂಬಬೇಕಾದ ಕನ್ನಂಬಾಡಿ ಕಟ್ಟೆ ತುಂಬಿರಲೇ ಇಲ್ಲ. ನಾನು ಶುಕ್ರವಾರ ಸಂಜೆ ಜಮೀನಿನ ಪಹಣಿ ವಿಚಾರಕ್ಕೆ ಮೈಸೂರಿನಿಂದ ಕಲ್ಲಹಳ್ಳಿಯ ದೊಡ್ಡಪ್ಪನ ಮನೆಗೆ ಬಂದಿದ್ದೆ. ಬೆಳಿಗ್ಗೆ ಎದ್ದರೆ ಆಟೋ ಇಲ್ಲ, ಅಂಗಡಿ ಇಲ್ಲ. ನಡೆದುಕೊಂಡೇ ಸ್ಟೇಷನ್‌ಗೆ ಹೋಗಿ ರೈಲು ಹಿಡಿಯುತ್ತೇನೆ ಅಂದೆ. 'ಸುಮ್ನೆ ಕೂತ್ಕೊ, ಬಂದ್ ದಿನ ಮನೆ ಬಿಟ್ಟು ಹೊರಡೋನು ಬುದ್ಧಿವಂತನಲ್ಲ' ಅಂತ ದೊಡ್ಡಪ್ಪ ತೀರ್ಪು ಕೊಟ್ಟರು. ತಮಾಷೆ ಅಂದರೆ ಸಂಜಯ ಸರ್ಕಲ್ಲಿಗೆ ಹೋಗಿ ಬಂದೋಬಸ್ತ್ ಹೇಗಿದೆ ಅಂತ ನೋಡಿ ಬರಲು ಅವರಿಗೇ ಕಾಲು ಕುಣಿಯುತ್ತಿತ್ತು. ದೊಡ್ಡವ್ವ ಅವರ ಚಪ್ಪಲಿ ಎತ್ತಿಟ್ಟಿದ್ದರು.

ದೊಡ್ಡಪ್ಪ ಕಾನ್‌ಸ್ಟೇಬಲ್ ಆಗಿ ಸೇರಿ ಎ.ಎಸ್.ಐ. ಆಗಿ ನಿವೃತ್ತರಾದವರು. ಸರ್ವೀಸಿನ ಬಹುಪಾಲು ವಿ.ಸಿ. ನಾಲೆ ಬಯಲಿನ ಠಾಣೆಗಳಲ್ಲೇ ಕಳೆಯಿತು. ಅದರಲ್ಲೂ ರೈಟರ್ ಆಗಿ, ಅಂದರೆ ಠಾಣೆಯ ಬರಹದ ಕೆಲಸದಲ್ಲಿ, ಜಾಸ್ತಿ. ಮಹಜರು, ಅಂದರೆ ಘಟನೆ ನಡೆದ ಜಾಗದಲ್ಲಿ ಕಂಡದ್ದರ ದಾಖಲೆ, ಬರೆಯುವುದರಲ್ಲಿ ಎತ್ತಿದ ಕೈ ಅಂತ ಹೆಸರು ಮಾಡಿದ್ದರು. ಅಂಥವರು ಮನೆಯಲ್ಲಿ ಗೂಡಿನಲ್ಲಿಟ್ಟ ಹಾಗೆ ಒದ್ದಾಡುತ್ತಿದ್ದರೆ ಮನೆಮಂದಿಗೆಲ್ಲ ತೊಂದರೆ. ಕೊನೆಗೆ ನಮ್ಮಕ್ಕನೇ, ಅಂದರೆ ಅವರ ಮಗಳೇ, ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಬ್ರಾಡ್‌ಚರ್ಚ್ ಹಾಕಿದಳು. 'ಅಪ್ಪಾಜಿ, ಪೊಲೀಸ್ ಕಥೆ, ನೋಡಿ' ಅಂದಳು.

ಇದು ಇಂಗ್ಲೆಂಡಿನ ಐಟಿವಿ ಚಾನೆಲ್‌ನಲ್ಲಿ 2013ರ ಮಾರ್ಚ್‌ನಿಂದ ಏಪ್ರಿಲ್‌ವರೆಗೆ ಪ್ರತಿ ಸೋಮವಾರ ಬಂದ ಕಥೆ. ಒಟ್ಟು ಎಂಟು ಕಂತು. ಬರೆದವರು ಕ್ರಿಸ್ ಚಿಬ್ನಾಲ್. ಬ್ರಾಡ್‌ಚರ್ಚ್ ಅನ್ನೋ ಊರು ಕಲ್ಪನೆಯದು. ಆದರೆ ಅದರ ಕಡಲ ತೀರ ನಿಜವಾದದ್ದು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನ ವೆಸ್ಟ್ ಬೇ. ಜೇನಿನ ಬಣ್ಣದ ಮರಳುಗಲ್ಲಿನ ಬಂಡೆ ಗೋಡೆಯ ಹಾಗೆ ನೆಟ್ಟಗೆ ನಿಂತಿದೆ. ಅದರ ಬುಡದಲ್ಲೇ ಸಮುದ್ರ. ಒಂದು ಬೆಳಿಗ್ಗೆ ಆ ಬಂಡೆಯ ಕೆಳಗೆ ಡ್ಯಾನಿ ಅನ್ನೋ 11 ವರ್ಷದ ಹುಡುಗನ ಹೆಣ ಸಿಗುತ್ತದೆ. ತನಿಖೆ ಮಾಡುವವರು ಇಬ್ಬರು. ಹೊರಗಿನಿಂದ ಬಂದ ಹಾರ್ಡಿ, ಊರಿನವಳೇ ಆದ ಎಲ್ಲಿ ಮಿಲ್ಲರ್. ಹಾರ್ಡಿಯಾಗಿ ಡೇವಿಡ್ ಟೆನಂಟ್, ಮಿಲ್ಲರ್ ಆಗಿ ಒಲಿವಿಯಾ ಕೋಲ್ಮನ್.

ಹೆಣ ಸಿಗುವ ಮೊದಲೇ ದೊಡ್ಡಪ್ಪ ಸೀರಿಯಲ್ಲಿಗೆ ಬಿದ್ದುಹೋದರು. ಕಾರಣ ಪೋಸ್ಟಿಂಗ್. ಮಿಲ್ಲರ್ ಮೂರು ವಾರ ರಜೆ ಹಾಕಿ ಗಂಡ ಮಕ್ಕಳ ಜೊತೆ ಅಮೆರಿಕಕ್ಕೆ ಹೋಗಿ ಬರುತ್ತಾಳೆ. ಸ್ಟೇಷನ್ನಿನವರಿಗೆಲ್ಲ ಉಡುಗೊರೆ ಹಂಚುತ್ತಾ ಖುಷಿಯಲ್ಲಿರುತ್ತಾಳೆ. ಅವಳಿಗೆ ಬರಬೇಕಿದ್ದ ಇನ್ಸ್‌ಪೆಕ್ಟರ್ ಹುದ್ದೆ ಬೇರೆಯವನಿಗೆ ಹೋಗಿದೆ ಅಂತ ಮೇಲಧಿಕಾರಿ ಕರೆದು ಹೇಳುತ್ತಾಳೆ. ದೊಡ್ಡಪ್ಪ ತೊಡೆ ತಟ್ಟಿಕೊಂಡು ನಕ್ಕರು. 'ರಜಾ ಹಾಕಿ ಊರು ಬಿಟ್ರೆ ಇಷ್ಟೇ ಕಣ್ಲಾ! ಅಲ್ಲೂ ಹಿಂಗೇನಾ?' ಹಾರ್ಡಿ ಹಿಂದೆ ಬೇರೊಂದು ಊರಿನಲ್ಲಿ ದೊಡ್ಡ ಕೇಸು ಕೆಡಿಸಿಕೊಂಡು ಪೇಪರಿನಲ್ಲಿ ಬೈಸಿಕೊಂಡವನು ಅಂತ ಗೊತ್ತಾದಾಗ, 'ಹಂಗಾದ್ರೆ ಇದು ಪನಿಷ್‌ಮೆಂಟ್ ಟ್ರಾನ್ಸ್‌ಫರ್ರು' ಅಂತ ಅವರೇ ಕಥೆ ಪೂರ್ತಿ ಮಾಡಿಕೊಂಡರು. ಮುಂದೆ ನಾನು ಮಾತು ಮಾತಿಗೂ ಅನುವಾದ ಮಾಡಬೇಕಾಗಿ ಬರಲಿಲ್ಲ. ಹಾರ್ಡಿಯ ಸ್ಕಾಟ್ಲೆಂಡ್ ಇಂಗ್ಲಿಷ್ ನನಗೂ ಕೆಳಗಿನ ಅಕ್ಷರ ಓದದೆ ತಿಳಿಯುತ್ತಿರಲಿಲ್ಲ, ಬಿಡಿ.

ಮೊದಲ ಕಂತಿನ ಶುರುವಿನಲ್ಲೇ ಒಂದು ಉದ್ದನೆಯ ದೃಶ್ಯವಿದೆ. ಪ್ಲಂಬರ್ ಕೆಲಸ ಮಾಡುವ ಡ್ಯಾನಿಯ ಅಪ್ಪ ಬೆಳಿಗ್ಗೆ ಊರಿನ ಮುಖ್ಯ ಬೀದಿಯಲ್ಲಿ ನಡೆದು ಹೋಗುತ್ತಾನೆ. ಕ್ಯಾಮೆರಾ ಎಲ್ಲೂ ಕತ್ತರಿಸದೆ ಅವನ ಜೊತೆಗೇ ಹೋಗುತ್ತದೆ. ಎದುರಿಗೆ ಸಿಕ್ಕವರೆಲ್ಲ ಅವನನ್ನು ಮಾತಾಡಿಸುತ್ತಾರೆ. ಕೈ ಎತ್ತುವವರು, ನಗುವವರು, ರೇಗಿಸುವವರು. ಮಗ ಸತ್ತಿದ್ದಾನೆ ಅಂತ ಅವನಿಗಿನ್ನೂ ಗೊತ್ತಿಲ್ಲ. ನೋಡುವ ನಮಗೆ ಅವನೊಬ್ಬ ಎಲ್ಲರಿಗೂ ಬೇಕಾದ ಮನುಷ್ಯ ಅನಿಸುತ್ತದೆ. ಆಮೇಲೆ ತಿಳಿಯುತ್ತದೆ, ಆ ಬೀದಿಯಲ್ಲಿ ನಕ್ಕವರ ಮೇಲೆಲ್ಲ ಮುಂದೆ ಅನುಮಾನ ಬರಲಿದೆ ಅಂತ. ಅದನ್ನು ದೊಡ್ಡಪ್ಪ ಇನ್ನೊಂದು ಸಲ ಹಾಕಿಸಿಕೊಂಡು ನೋಡಿದರು. ನಮ್ಮ ಕಡೆಯ ಯಾವ ಊರಿನಲ್ಲಿ ಬೇಕಾದರೂ ಈ ನಡಿಗೆ ತೆಗೆಯಬಹುದು. ಅರಳಿಕಟ್ಟೆಯಿಂದ ಡೇರಿವರೆಗೆ ಒಬ್ಬ ನಡೆದು ಹೋದರೆ ಸಾಕು, ಇಡೀ ಊರು ಬಂದು ಹೋಗುತ್ತದೆ. ನಗರದ ಕೊಲೆಯ ಕಥೆಯಲ್ಲಿ ಪೊಲೀಸರು ಗೊತ್ತಿಲ್ಲದವನನ್ನು ಹುಡುಕುತ್ತಾರೆ. ಸಣ್ಣ ಊರಿನಲ್ಲಿ ಗೊತ್ತಿರುವವರಲ್ಲೇ ಒಬ್ಬನನ್ನು ಹುಡುಕಬೇಕು. ಮಿಲ್ಲರ್‌ಗೆ ಇರುವ ಕಷ್ಟ ಅದೇ. ಸತ್ತ ಹುಡುಗ ಅವಳ ಮಗನ ಜೊತೆಗಾರ. ಹುಡುಗನ ತಾಯಿ ಅವಳ ಗೆಳತಿ.

ಮಹಜರು ಭಾಗ ಬಂದಾಗ ದೊಡ್ಡಪ್ಪ ಕನ್ನಡಕ ಹಾಕಿಕೊಂಡರು. ಬಂಡೆ ಮೇಲಿಂದ ಬಿದ್ದ ಹಾಗೆ ಕಾಣಲಿ ಅಂತ ಹೆಣವನ್ನು ತಂದು ಹಾಕಿದ್ದಾರೆ ಅಂತ ಹಾರ್ಡಿ ಊಹಿಸುವುದು ಅವರಿಗೆ ಹಿಡಿಸಿತು. ಆದರೆ ಪಂಚರು, ಅಂದರೆ ಮಹಜರಿಗೆ ಸಾಕ್ಷಿ ನಿಲ್ಲುವವರು, ಎಲ್ಲಿ? ಅದೊಂದು ಪ್ರಶ್ನೆ ಇಡೀ ದಿನ ಬಿಡಲಿಲ್ಲ. 'ಇಬ್ರು ಊರ ದೊಡ್ಡ ಮನುಷ್ಯರ ಸೈನ್ ಇಲ್ದೆ ಎಂಥಾ ಮಹಜರು ಅದು?' ನಮ್ಮಲ್ಲಿ ಹೀಗೆ ಹೆಣ ಸಿಕ್ಕರೆ ಮೊದಲು ಯುಡಿಆರ್ ಹಾಕುತ್ತಾರೆ, ಅಂದರೆ ಅಸಹಜ ಸಾವಿನ ಕೇಸು. ದೊಡ್ಡಪ್ಪನ ಕಾಲಕ್ಕೆ ಅದು ಸಿಆರ್‌ಪಿಸಿ, ಅಂದರೆ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ 174ನೇ ಸೆಕ್ಷನ್. ಅದೇ ಈಗ, 2024ರ ಜುಲೈ 1ರಿಂದ, ಹೊಸ ಕಾನೂನಿನಲ್ಲಿ 194 ಆಗಿದೆ. ಶವ ತನಿಖೆ, ಆಮೇಲೆ ಪೋಸ್ಟ್‌ಮಾರ್ಟಂ, ಅನುಮಾನ ಬಂದರೆ ಕೊಲೆ ಕೇಸು.

ಸಮುದ್ರದ ಪೊಲೀಸರಿಗೆ ಒಂದು ಅವಸರವಿದೆ, ನಮ್ಮವರಿಗೆ ಅದಿಲ್ಲ ಅಂತ ಅವರೇ ಗಮನಿಸಿದರು. ಕಡಲು ಹನ್ನೆರಡೂವರೆ ಗಂಟೆಗೊಂದು ಸಲ ಏರಿ ಇಳಿಯುತ್ತದೆ. ಅಷ್ಟರೊಳಗೆ ಮರಳಿನ ಮೇಲಿನ ಗುರುತೆಲ್ಲ ತೊಳೆದುಹೋಗುತ್ತದೆ. ನಾಲೆಯ ಲೆಕ್ಕ ಬೇರೆ. 'ನಾಲೇಲಿ ಬಿದ್ದದ್ದು ಬಿದ್ದ ಜಾಗದಲ್ಲಿ ಸಿಗಲ್ಲ. ತೂಬಿಗೋ ಸೇತುವೆ ಕಂಬಕ್ಕೋ ಬಂದು ನಿಂತ್ಕತದೆ. ಅಷ್ಟೊತ್ತಿಗೆ ಸರಹದ್ದೇ ಬದಲಾಗೋಗಿರ್ತದೆ' ಅಂದರು. ನೀರು ನಿಲ್ಲಿಸಿ ಅಂತ ನೀರಾವರಿಯವರನ್ನು ಕೇಳಬೇಕು. ಮುಳುಗಿ ಸತ್ತದ್ದೋ ಸತ್ತ ಮೇಲೆ ನೀರಿಗೆ ಹಾಕಿದ್ದೋ ತಿಳಿಯಲು ಎದೆಮೂಳೆ ಅಥವಾ ತೊಡೆಮೂಳೆಯ ಜೊತೆ ಅದೇ ಜಾಗದ ನೀರನ್ನೂ ಲ್ಯಾಬಿಗೆ ಕಳಿಸಬೇಕು. ನೀರಿನಲ್ಲಿರುವ ಡಯಾಟಮ್ ಅನ್ನೋ ಕಣ್ಣಿಗೆ ಕಾಣದ ಪಾಚಿ ಮೂಳೆಯ ಮಜ್ಜೆಯಲ್ಲೂ ಸಿಕ್ಕರೆ ಉಸಿರಿರುವಾಗಲೇ ನೀರು ಒಳಗೆ ಹೋಗಿದೆ ಅಂತ ಲೆಕ್ಕ. ದೊಡ್ಡವ್ವ ಮುದ್ದೆ ಉಪ್ಸಾರು ಬಡಿಸುತ್ತಾ, 'ಊಟದ ಹೊತ್ನಲ್ಲಿ ಮೂಳೆ ಮಾತು ಬುಡಿ' ಅಂದರು. ನಾಲೆ ಅಂದರೆ ನಮ್ಮ ಜನಕ್ಕೆ ಸಲೀಸಾದ ಮಾತಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದದ್ದನ್ನು ಮಂಡ್ಯದಲ್ಲಿ ಯಾರೂ ಮರೆತಿಲ್ಲ.

ಊಟವಾದ ಮೇಲೆ ಬೆಟ್ಟು ಕಟ್ಟುವ ಆಟ ಶುರುವಾಯಿತು. ದೊಡ್ಡವ್ವನಿಗೆ ಪಾದ್ರಿ ಮೇಲೆ ಅನುಮಾನ. ಅಕ್ಕನಿಗೆ ನಾಯಿ ಕಟ್ಟಿಕೊಂಡು ಓಡಾಡುವ ಹೆಂಗಸಿನ ಮೇಲೆ. ನಾನು ಕಂತಿಗೊಬ್ಬರನ್ನು ಬದಲಾಯಿಸಿದೆ. ಕೊಲೆಗಾರ ಯಾರು ಅಂತ ಬಹುಪಾಲು ನಟರಿಗೂ ಹೇಳದೆಯೇ ಚಿತ್ರೀಕರಣ ಮಾಡಿದ್ದರಂತೆ. ಅದಕ್ಕೇ ಏನೋ, ಎಲ್ಲರ ಮುಖದಲ್ಲೂ ಏನೋ ಬಚ್ಚಿಟ್ಟ ಹಾಗಿದೆ. ದೊಡ್ಡಪ್ಪ ಮಾತ್ರ ಯಾರ ಹೆಸರೂ ಹೇಳಲಿಲ್ಲ. 'ಹೆಸರು ಮೊದ್ಲು ಇಟ್ಕಂಡ್ರೆ ಸಾಕ್ಷಿ ಎಲ್ಲಾ ಆ ಹೆಸರಿಗೇ ಹೊಂದ್ಕತಾ ಹೋಯ್ತದೆ' ಅಂದರು.

ಅವರು ಕೊಲೆಗಾರನಿಗಿಂತ ಜಾಸ್ತಿ ಗಮನ ಕೊಟ್ಟದ್ದು ಬೇರೆ ಎರಡು ಜಾಗಕ್ಕೆ.

ಒಂದು, ಪೊಲೀಸರು ಹುಡುಗನ ಮನೆಗೆ ಹೋಗಿ ಸುದ್ದಿ ಹೇಳುವ ದೃಶ್ಯ. ಅದಕ್ಕೆ ಮೊದಲೇ ತಾಯಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಕಾರು ಬಿಟ್ಟು ಓಡಿ ಬಂದು, ಹೊದಿಕೆಯ ಕೆಳಗಿನಿಂದ ಕಾಣುವ ಬೂಟು ನೋಡಿಬಿಟ್ಟಿರುತ್ತಾಳೆ. ಆದರೂ ಮನೆಯಲ್ಲಿ ಕೂತು ಪೊಲೀಸರ ಬಾಯಿಂದ ಕೇಳಬೇಕು. ದೊಡ್ಡಪ್ಪ ನಿಲ್ಲಿಸು ಅನ್ನಲಿಲ್ಲ. ಮುಗಿದ ಮೇಲೆ ಹೇಳಿದರು. 'ಈ ಕೆಲ್ಸಕ್ಕೆ ಠಾಣೇಲಿ ಯಾರೂ ಮುಂದೆ ಬರಲ್ಲ. ಹೊಸದಾಗಿ ಬಂದೋನ್ನ ಕಳಿಸ್ತಾರೆ. ನಾನು ನೇರ ಆ ಮನೆಗೆ ಹೋಯ್ತಿರ್ಲಿಲ್ಲ. ಪಕ್ಕದ ಮನೇಲಿ ಹಿರೀಕ್ರು ಯಾರವ್ರೆ ಅಂತ ವಿಚಾರ್ಸಿ, ಅವ್ರನ್ನ ಕರ್ಕಂಡೇ ಹೋಗ್ತಿದ್ದೆ. ಬಾಗ್ಲಲ್ಲಿ ಖಾಕಿ ಕಂಡ್ರೇ ಹೆತ್ತೋಳಿಗೆ ಗೊತ್ತಾಗೋಯ್ತದೆ. ನಾವು ಬಾಯಿ ಬಿಡೋದೇ ಬ್ಯಾಡ.' ಪಹಣಿ, ಪಿಂಚಣಿ, ಮಂಡಿನೋವು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಸರ್ವೀಸಿನ ಕಥೆ ಹೇಳಿದರೂ ಬಂದೋಬಸ್ತಿನ ತಮಾಷೆಗಳನ್ನೇ ಹೇಳುತ್ತಿದ್ದರು.

ಇನ್ನೊಂದು, ಜ್ಯಾಕ್ ಮಾರ್ಷಲ್‌ನ ಕಥೆ. ಪೇಪರ್ ಅಂಗಡಿ ಇಟ್ಟುಕೊಂಡ ವಯಸ್ಸಾದ ಒಂಟಿ ಮನುಷ್ಯ. ಡ್ಯಾನಿ ಅವನ ಹತ್ತಿರ ಮನೆಮನೆಗೆ ಪೇಪರ್ ಹಾಕುತ್ತಿದ್ದ ಹುಡುಗ. ಜ್ಯಾಕ್ ಊರಿನ ಹುಡುಗರಿಗೆ ಕಡಲ ತರಬೇತಿಯನ್ನೂ ಕೊಡುತ್ತಿರುತ್ತಾನೆ. ಅವನ ಹಳೆಯ ಜೈಲು ವಾಸದ ಸುದ್ದಿಯನ್ನು ಪೇಪರಿನವರು ಕೆದಕಿ ತೆಗೆಯುತ್ತಾರೆ. ಪೂರ್ತಿ ಸಂಗತಿ ಏನು ಅಂತ ಕೇಳುವ ತಾಳ್ಮೆ ಯಾರಿಗೂ ಇಲ್ಲ. ನೆನ್ನೆವರೆಗೆ ಅವನ ಅಂಗಡಿಯಲ್ಲಿ ಪೇಪರ್ ಕೊಂಡವರೇ ಗುಂಪು ಕಟ್ಟಿಕೊಂಡು ಬರುತ್ತಾರೆ. ಆ ಮುದುಕ ಉಳಿಯುವುದಿಲ್ಲ. ಅವನು ಕೊಲೆಗಾರನಲ್ಲ. ಇಷ್ಟು ಹೇಳಿದರೆ ಗುಟ್ಟು ಬಿಟ್ಟುಕೊಟ್ಟ ಹಾಗೆ ಆಗುವುದಿಲ್ಲ ಅಂದುಕೊಳ್ಳುತ್ತೇನೆ.

ಆಗ ದೊಡ್ಡಪ್ಪ ನಾಲೆ ಬದಿಯ ಒಂದು ಊರಿನ ಮಾತು ತೆಗೆದರು. ಸ್ಕೂಲಿಗೆ ಹೋಗುವ ಹುಡುಗನೊಬ್ಬ ಕಾಣೆಯಾಗಿ ಆಮೇಲೆ ನೀರಿನಲ್ಲಿ ಸಿಕ್ಕಿದ್ದ. ಊರಿನಲ್ಲಿ ಒಬ್ಬ ದರ್ಜಿ ಇದ್ದ. ಹೊರಗಿನವನು, ಹೆಂಡತಿ ಮಕ್ಕಳಿಲ್ಲ. ಹುಡುಗರು ಅವನ ಅಂಗಡಿ ಮುಂದೆ ಆಡುತ್ತಿದ್ದರು, ಗೋಲಿ ಇಡಲು ಅವನೇ ಬಟ್ಟೆಚೂರಿನಲ್ಲಿ ಚೀಲ ಹೊಲಿದುಕೊಡುತ್ತಿದ್ದ. ಅಷ್ಟು ಸಾಕಾಯಿತು ಊರಿಗೆ. ರಿಪೋರ್ಟಿನಲ್ಲಿ ಮುಳುಗಿ ಸತ್ತದ್ದು ಅಂತಲೇ ಬಂತು. ಮೈಮೇಲೆ ಗಾಯವಿಲ್ಲ, ಏನೂ ಇಲ್ಲ. ಈಜಲು ಇಳಿದ ಹುಡುಗ, ಸೆಳೆತಕ್ಕೆ ಸಿಕ್ಕ. 'ಅವನ್ನ ಠಾಣೆಗೆ ಕರ್ಸಿದ್ದು ನಾವೇ. ಕರ್ಸ್ದೆ ಇದ್ರೆ ಊರೋರು ಬುಡ್ತಿರ್ಲಿಲ್ಲ. ಕರ್ಸಿದ್ ಮ್ಯಾಲೆ ಊರೋರು ನಂಬ್ಲಿಲ್ಲ. ಏನೂ ಇಲ್ದೆ ಪೊಲೀಸ್ರು ಕರೀತಾರಾ ಅಂದ್ರು.' ರಿಪೋರ್ಟ್ ಬಂದ ಮೇಲೂ ಯಾರೂ ಬಟ್ಟೆ ಹೊಲಿಯಲು ಕೊಡಲಿಲ್ಲ. ಒಂದು ದಿನ ಮಿಷನ್ನನ್ನು ಗಾಡಿಗೆ ಹಾಕಿಕೊಂಡು ಹೊರಟುಹೋದನಂತೆ. ಎಲ್ಲಿಗೆ ಅಂತ ದೊಡ್ಡಪ್ಪನೂ ವಿಚಾರಿಸಲಿಲ್ಲ. 'ಕೇಸ್ ಕ್ಲೋಸ್ ಆಗಿತ್ತಲ್ಲ' ಅಂದರು.

ಪತ್ತೇದಾರಿ ಕಥೆಗಳ ಮೇಲೆ ನನಗಿರುವ ದೂರು ಇದೇ. ಕೊಲೆಗಾರ ಸಿಕ್ಕ ತಕ್ಷಣ ಉಳಿದವರೆಲ್ಲ ನಿರಪರಾಧಿಗಳಾಗಿ ಮನೆಗೆ ಹೋಗಿ ಊಟ ಮಾಡುತ್ತಾರೆ. ಅನುಮಾನ ಎಲ್ಲಿಗೆ ಹೋಗುತ್ತದೆ? ಬ್ರಾಡ್‌ಚರ್ಚ್ ಈ ಮೋಸ ಮಾಡುವುದಿಲ್ಲ. ಕೊನೆಯ ಕಂತಿನಲ್ಲಿ ಕೊಲೆಗಾರ ಯಾರು ಅಂತ ಬೇಗನೇ ತೋರಿಸಿಬಿಡುತ್ತಾರೆ. ಉಳಿದ ಹೊತ್ತೆಲ್ಲ ಆ ಸುದ್ದಿ ಒಂದೊಂದೇ ಮನೆಗೆ ತಲುಪುವುದನ್ನು ತೋರಿಸುತ್ತಾರೆ. ಗುಟ್ಟು ಒಡೆದಾಗ ಅಕ್ಕ ಕಿರುಚಿದಳು. ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿ ಕೂತದ್ದು ಅದರ ನಂತರವೇ. ಕೊನೆಯಲ್ಲಿ ಸತ್ತ ಹುಡುಗನ ನೆನಪಿಗೆ ತೀರದಲ್ಲಿ ಬೆಂಕಿ ಹಾಕುತ್ತಾರೆ. ಅದನ್ನು ನೋಡಿ ಕರಾವಳಿಯ ಉದ್ದಕ್ಕೂ ಬೇರೆ ಬೇರೆ ಊರಿನವರು ತಾವೂ ಬೆಂಕಿ ಹಚ್ಚುತ್ತಾರೆ. ದೊಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೆ ಅದು ಸ್ವಲ್ಪ ಜಾಸ್ತಿ ಆಯಿತು ಅನಿಸಿತು. ಜ್ಯಾಕ್‌ನನ್ನು ಅಟ್ಟಾಡಿಸಿದ ಊರೇ ಅಲ್ವಾ ಅದು?

ದೊಡ್ಡಪ್ಪನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಠಾಣೆಯೊಳಗೆ ಆರೋಪಿಗೆ ಏಟು ಬೀಳುತ್ತದೆ, ಅದನ್ನು ಕಂಡು ಅವರು ತಲೆ ಚಚ್ಚಿಕೊಂಡರು. 'ಕೆಟ್ಟೋಯ್ತು ಕೇಸು! ಇದು ಕೋರ್ಟಲ್ಲಿ ನಿಲ್ಲಲ್ಲ' ಅಂದರು. ನಮ್ಮ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಬೆಲೆಯೇ ಇಲ್ಲ. ಹೊಸ ಕಾನೂನಿನಲ್ಲಿ ಅದು 23 ಆಗಿದೆ, ತಿರುಳು ಅದೇ. ಆರೋಪಿ ತೋರಿಸಿದ ಜಾಗದಲ್ಲಿ ಕತ್ತಿಯೋ ಬಟ್ಟೆಯೋ ಸಿಕ್ಕರೆ ಮಾತ್ರ ಅಷ್ಟರ ಮಟ್ಟಿಗೆ ಒಪ್ಪುತ್ತಾರೆ. ಇಂಗ್ಲೆಂಡಿನಲ್ಲಿ ಠಾಣೆಯ ತಪ್ಪೊಪ್ಪಿಗೆ ನಡೆಯುತ್ತದೆ, ರೆಕಾರ್ಡ್ ಮಾಡಿಕೊಳ್ಳುತ್ತಾರೆ ಅಂತ ನಾನು ಹೇಳಿದೆ. 'ನಡೀಲಿ. ಏಟು ಬಿದ್ದದ್ದೂ ನಡೀತದಾ? ಲಾಯರ್ರು ಬುಡ್ತಾನಾ?'

ಬಂದ್ ಸಂಜೆಗೆ ಮುಗಿಯಿತು. ನಾನು ಮಾರನೇ ದಿನ ಮೈಸೂರಿಗೆ ಬಂದೆ. ಪಹಣಿ ಕೆಲಸ ಆಗಲಿಲ್ಲ, ಅದು ಬೇರೆ ಕಥೆ. ಆಮೇಲೆ ನಿಧಾನಕ್ಕೆ ಎರಡನೇ ಸೀಸನ್ ನೋಡಲು ಕೂತೆ. ಅದರಲ್ಲಿ ಕೋರ್ಟಿನ ಕಥೆ ಇದೆ, ಜೊತೆಗೆ ಹಾರ್ಡಿಯ ಆ ಹಳೇ ಕೇಸೂ ಇದೆ. ಎರಡನೇ ಕಂತಿನಲ್ಲೇ ಆರೋಪಿಯ ಪರ ವಕೀಲರು ಆ ಏಟಿನ ವಿಷಯ ಎತ್ತುತ್ತಾರೆ. ನ್ಯಾಯಾಧೀಶರು ತಪ್ಪೊಪ್ಪಿಗೆಯನ್ನು ಸಾಕ್ಷಿಯಿಂದ ತೆಗೆದುಹಾಕುತ್ತಾರೆ. ಅರ್ಧಕ್ಕೆ ನಿಲ್ಲಿಸಿ ದೊಡ್ಡಪ್ಪನಿಗೆ ಫೋನ್ ಮಾಡಿದೆ.

'ಹೇಳ್ನಿಲ್ವೇನ್ಲಾ ನಾನು?' ಅಂದರು. ದನಿಯಲ್ಲಿ ಗೆದ್ದ ಖುಷಿ ಎದ್ದು ಕಾಣುತ್ತಿತ್ತು. ಆಮೇಲೆ ಕೇಳಿದರು: 'ಏಟು ಬೀಳೋಕೆ ಬುಟ್ನಲ್ಲ ಆ ಇನ್ಸ್‌ಪೆಕ್ಟ್ರು, ಅವನಿಗೆ ಇಂಕ್ರಿಮೆಂಟ್ ಕಟ್ ಆಯ್ತಾ ಇಲ್ವಾ? ನೋಡಿ ಹೇಳು.'