ಚಾನೆಲ್ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದೀರಾ? ಮೊದಲು ಒಂದು ಸಂಜೆ ಟಿವಿ ಮುಂದೆ ಕೂತು ಬರೆಯಿರಿ

ನಾನು ಮುಂಬೈನಲ್ಲಿ ಒಂದು ಜಾಹೀರಾತು ಏಜೆನ್ಸಿಯಲ್ಲಿ ಮೀಡಿಯಾ ಪ್ಲಾನಿಂಗ್ ಕೆಲಸ ಮಾಡುತ್ತೇನೆ. ಯಾವ ಚಾನೆಲ್‌ನಲ್ಲಿ, ಎಷ್ಟು ಗಂಟೆಗೆ, ಎಷ್ಟು ಸೆಕೆಂಡಿನ ಜಾಹೀರಾತು ಹಾಕಿದರೆ ಕೊಟ್ಟ ದುಡ್ಡಿಗೆ ತಕ್ಕಷ್ಟು ಜನ ಸಿಗುತ್ತಾರೆ ಅಂತ ಲೆಕ್ಕ ಹಾಕುವ ಕೆಲಸ. ಹಾಗಾಗಿ ಪರಿಚಯದ ಮನೆಗಳಲ್ಲಿ ಮಾಸ್ ಮೀಡಿಯಾ ಓದುವ ಮಕ್ಕಳು ಪ್ರಾಜೆಕ್ಟ್ ಬಂತು ಅಂದ ಕೂಡಲೇ ನನ್ನ ಹತ್ತಿರ ಬರುತ್ತಾರೆ. ಡೊಂಬಿವ್ಲಿ, ಮಾಟುಂಗ, ಥಾಣೆ ಕಡೆಯ ಕನ್ನಡದ ಮಕ್ಕಳು. ಹೆಚ್ಚಾಗಿ ವಿಷಯ ಒಂದೇ: ಕನ್ನಡ ಚಾನೆಲ್‌ಗಳ ಅಧ್ಯಯನ, ಇಲ್ಲ ಅಂದರೆ ಕನ್ನಡ ಮತ್ತು ಮರಾಠಿ ಚಾನೆಲ್‌ಗಳ ಹೋಲಿಕೆ.

ಬರುವಾಗಲೇ ಅರ್ಧ ಪ್ರಾಜೆಕ್ಟ್ ಬರೆದುಕೊಂಡು ಬಂದಿರುತ್ತಾರೆ. 1994ರಲ್ಲಿ ಉದಯ ಬಂತು, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ, 2015ರಲ್ಲಿ ಈಟಿವಿ ಕನ್ನಡ ಹೆಸರು ಬದಲಾಗಿ ಕಲರ್ಸ್ ಕನ್ನಡ ಆಯಿತು. ಇದೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಇಷ್ಟು ಓದಿದ ಮೇಲೂ ಆ ಚಾನೆಲ್ ಸಂಜೆ ಏಳಕ್ಕೆ ಏನು ತೋರಿಸುತ್ತದೆ, ಯಾರಿಗೋಸ್ಕರ ತೋರಿಸುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. "ನೀನು ಈ ಚಾನೆಲ್ ನೋಡಿದ್ದೀಯಾ?" ಅಂತ ಕೇಳಿದರೆ "ಮನೇಲಿ ಅಜ್ಜಿ ನೋಡ್ತಾರೆ ಮೇಡಂ" ಅನ್ನುತ್ತಾರೆ.

ಹಾಗಾದರೆ ಅಜ್ಜಿಯ ಪಕ್ಕ ಹೋಗಿ ಕೂತುಕೋ ಅಂತ ಹೇಳುತ್ತೇನೆ. ಸುಮ್ನೆ ಅಲ್ಲ, ನೋಟ್‌ಬುಕ್ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು.

ನಮ್ಮ ಕೆಲಸದಲ್ಲಿ ಇದಕ್ಕೆ ಲಾಗ್ ಮಾಡುವುದು ಅನ್ನುತ್ತೇವೆ. ಎಂಟರಿಂದ ಒಂಬತ್ತು ಗಂಟೆ ಅಂತ ಇಟ್ಟುಕೊಳ್ಳಿ. ಪುಟದ ಎಡಗಡೆ ಸಮಯ, ಪಕ್ಕದಲ್ಲಿ ತೆರೆಯ ಮೇಲೆ ಏನಿದೆ ಅನ್ನುವುದು. ಧಾರಾವಾಹಿಯಾ, ಹಿಂದಿನ ಕಂತಿನ ನೆನಪಾ, 'ಮುಂದಿನ ಸಂಚಿಕೆಯಲ್ಲಿ' ಅನ್ನುವ ತುಣುಕಾ, ಚಾನೆಲ್‌ನದ್ದೇ ಪ್ರೋಮೋ ಆ, ಹೊರಗಿನ ಜಾಹೀರಾತಾ. ಜಾಹೀರಾತಾದರೆ ಯಾವ ಸಾಮಾನಿನದು, ಎಷ್ಟು ಸೆಕೆಂಡ್. ಕೊನೆಯ ಕಾಲಂ ನನಗೆ ತುಂಬಾ ಇಷ್ಟದ್ದು: ಜಾಹೀರಾತಿನಲ್ಲಿ ಮಾತಾಡುವವರ ತುಟಿ ನೋಡಿ ಬರೆಯಬೇಕು. ತುಟಿ ಒಂದು ಹೇಳುತ್ತಿದ್ದು ಕನ್ನಡ ಇನ್ನೊಂದು ಕೇಳಿಸಿದರೆ ಅದು ಡಬ್ ಮಾಡಿದ್ದು. ಇಡೀ ದೇಶಕ್ಕೆ ಅಂತ ಒಂದು ಜಾಹೀರಾತು ಮಾಡಿ, ಕರ್ನಾಟಕಕ್ಕೆ ದನಿ ಮಾತ್ರ ಬದಲಾಯಿಸಿದ್ದಾರೆ ಅಂತ ಅರ್ಥ. ತುಟಿಯೂ ಕನ್ನಡವನ್ನೇ ಆಡುತ್ತಿದ್ದರೆ ಆ ಕಂಪನಿ ಕರ್ನಾಟಕದ ಗಿರಾಕಿಗೋಸ್ಕರ ಬೇರೆಯಾಗಿ ದುಡ್ಡು ಹಾಕಿ ಶೂಟ್ ಮಾಡಿಸಿದೆ. ಒಡವೆ ಅಂಗಡಿ, ಮಸಾಲೆ ಪುಡಿ, ಸೀರೆ ಅಂಗಡಿಯ ಜಾಹೀರಾತುಗಳಲ್ಲಿ ಇದು ಜಾಸ್ತಿ ಕಾಣುತ್ತದೆ. ಚಾನೆಲ್‌ಗೆ ದುಡ್ಡು ಎಲ್ಲಿಂದ ಬರುತ್ತಿದೆ ಅನ್ನುವ ಅಧ್ಯಾಯವನ್ನು ಈ ಒಂದು ಕಾಲಂನಿಂದಲೇ ಶುರು ಮಾಡಬಹುದು.

ಬರೆದ ಮೇಲೆ ಕೂಡಿಸಿ. 1994ರ ಕೇಬಲ್ ಟಿವಿ ನಿಯಮಗಳ ಪ್ರಕಾರ ಒಂದು ಗಂಟೆಯಲ್ಲಿ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರುವಂತಿಲ್ಲ. ಅದರಲ್ಲಿ 10 ನಿಮಿಷ ಹೊರಗಿನವರ ಜಾಹೀರಾತು, 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ. ನೀವು ನೋಡಿದ ಗಂಟೆಯಲ್ಲಿ ಎಷ್ಟಿತ್ತು? ಅದೇ ಗಂಟೆಯಲ್ಲಿ ಮರಾಠಿ ಚಾನೆಲ್‌ನಲ್ಲಿ ಎಷ್ಟಿತ್ತು? ದೂರದರ್ಶನದ ಚಂದನದಲ್ಲಿ, ಅದರ ಮರಾಠಿ ಚಾನೆಲ್ ಸಹ್ಯಾದ್ರಿಯಲ್ಲಿ ಎಷ್ಟಿತ್ತು? ಈಗ ನಿಮ್ಮ ಕೈಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಒಂದು ಟೇಬಲ್ ಇದೆ. ಪರೀಕ್ಷಕರು ಇದರ ಬಗ್ಗೆ ಏನು ಕೇಳಿದರೂ ಉತ್ತರ ಬಾಯಲ್ಲೇ ಇರುತ್ತದೆ, ಯಾಕಂದರೆ ಕೂತು ನೋಡಿದವರು ನೀವೇ.

ಇನ್ನು ಮನೆಯವರನ್ನು ಮಾತಾಡಿಸುವ ವಿಷಯ. ಪ್ರಶ್ನಾವಳಿ ಅಂತ ಒಂದು ಮಾಡಿ 'ನೀವು ಯಾವ ಬಗೆಯ ಕಾರ್ಯಕ್ರಮ ಇಷ್ಟಪಡುತ್ತೀರಿ' ಅಂತ ಕೇಳುತ್ತಾರೆ. ಈ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ. ಡೊಂಬಿವ್ಲಿಯ ಒಂದು ಮನೆಗೆ ಪ್ರಾಜೆಕ್ಟ್ ಮಾಡುವ ಹುಡುಗಿಯ ಜೊತೆ ನಾನೂ ಹೋಗಿದ್ದೆ. ಅವಳ ಅಜ್ಜಿಯನ್ನು ಹಾಗೆ ಕೇಳಿದಾಗ "ವಾರ್ತೆ ನೋಡ್ತೇನೆ, ದೇವರ ಕಾರ್ಯಕ್ರಮ ನೋಡ್ತೇನೆ" ಅಂದರು. ಆಮೇಲೆ ನಾನು "ಅಜ್ಜಿ, ನಿನ್ನೆ ರಾತ್ರಿ ಎಂಟೂವರೆಗೆ ಟಿವಿಯಲ್ಲಿ ಏನು ಬರ್ತಿತ್ತು?" ಅಂತ ಕೇಳಿದೆ. ಅಷ್ಟೇ, ಧಾರಾವಾಹಿಯ ಸೊಸೆ ಏನಂದಳು, ಅತ್ತೆ ಯಾಕೆ ಸುಮ್ಮನಾದಳು, ಕಾಗದಕ್ಕೆ ಯಾರು ಮೋಸದಿಂದ ಸಹಿ ಹಾಕಿಸಿದರು, ಎಲ್ಲ ಬಂತು, ಜೊತೆಗೆ ನಡುವೆ ಅವಳ ಅಪ್ಪ ಆಫೀಸಿನಿಂದ ಬಂದು ಕ್ರಿಕೆಟ್‌ಗೆ ಬದಲಾಯಿಸಿದ್ದೂ ಬಂತು. ನಿನ್ನೆಯ ದಿನದ್ದು, ಇಂಥ ಗಂಟೆಯದ್ದು ಅಂತ ಕೇಳಿ. ರಿಮೋಟ್ ಯಾರ ಕೈಯಲ್ಲಿತ್ತು ಅಂತ ತಪ್ಪದೆ ಕೇಳಿ. ಒಂದೇ ಟಿವಿ ಇರುವ ಮುಂಬೈ ಮನೆಯಲ್ಲಿ ಈ ಪ್ರಶ್ನೆಗೆ ಬರುವ ಉತ್ತರದಿಂದ ಎಷ್ಟೋ ವಿಷಯ ತಿಳಿಯುತ್ತದೆ.

ಇದೇ ಅಜ್ಜಿಯ ವಿಷಯದಲ್ಲಿ ಇನ್ನೊಂದು ಮಾತು ಇದೆ, ಮಕ್ಕಳು ಇದನ್ನು ಕೇಳಿ ತುಂಬಾ ಹೊತ್ತು ಯೋಚಿಸುತ್ತಾರೆ. ರೇಟಿಂಗ್, ಅಂದರೆ ಯಾವ ಚಾನೆಲ್ ಅನ್ನು ಎಷ್ಟು ಜನ ನೋಡುತ್ತಾರೆ ಅನ್ನುವ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ ಇರುವುದು ಮುಂಬೈನಲ್ಲೇ. 2015ರಿಂದ ಅದರ ಲೆಕ್ಕ ನಡೆಯುತ್ತಿದೆ. ಚಾನೆಲ್‌ನ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ, ಆರಿಸಿದ ಕೆಲವು ಮನೆಗಳಲ್ಲಿ ಇಟ್ಟ ಮೀಟರ್ ಅದನ್ನು ಹಿಡಿಯುತ್ತದೆ, ಮನೆಯವರು ಟಿವಿ ಮುಂದೆ ಕೂತಾಗ ತಮ್ಮ ತಮ್ಮ ಬಟನ್ ಒತ್ತಬೇಕು. ಬಂದ ಲೆಕ್ಕವನ್ನು ಮಾರ್ಕೆಟ್ ಪ್ರಕಾರ ಹಂಚುತ್ತಾರೆ. ಕರ್ನಾಟಕ ಒಂದು ಮಾರ್ಕೆಟ್, ಮಹಾರಾಷ್ಟ್ರ ಮತ್ತು ಗೋವಾ ಸೇರಿ ಇನ್ನೊಂದು. ಅಂದರೆ ಡೊಂಬಿವ್ಲಿಯ ಕನ್ನಡದ ಮನೆಯಲ್ಲಿ ಮೀಟರ್ ಇದ್ದರೂ, ಅಜ್ಜಿ ನೋಡಿದ ಕನ್ನಡ ಧಾರಾವಾಹಿ ಸೇರುವುದು ಮಹಾರಾಷ್ಟ್ರ-ಗೋವಾ ಲೆಕ್ಕಕ್ಕೆ. ಕನ್ನಡ ಚಾನೆಲ್‌ನಲ್ಲಿ ಜಾಹೀರಾತು ಕೊಡುವವರು ನೋಡುವುದು ಕರ್ನಾಟಕದ ಅಂಕಿ. ಬೆಂಗಳೂರಿನ ಒಡವೆ ಅಂಗಡಿಯ ಜಾಹೀರಾತನ್ನು ಅಜ್ಜಿ ದಿನಾ ನೋಡುತ್ತಾರೆ, ಆದರೆ ಅದು ಅವರಿಗೋಸ್ಕರ ಹಾಕಿದ್ದಲ್ಲ. ಮುಂಬೈ, ಪುಣೆ, ಗೋವಾದಲ್ಲಿ ಇಷ್ಟೊಂದು ಕನ್ನಡದ ಮನೆಗಳಿವೆ, ಸಂಜೆ ಕನ್ನಡ ಟಿವಿ ಹಾಕುತ್ತಾರೆ, ಆದರೂ ವ್ಯಾಪಾರದ ಲೆಕ್ಕದಲ್ಲಿ ಅವರಿಗೆ ಜಾಗ ಇಲ್ಲ. ನನ್ನ ಪ್ರಕಾರ ಹೊರನಾಡಿನ ಕನ್ನಡ ವಿದ್ಯಾರ್ಥಿ ಮಾಡಬೇಕಾದ ಪ್ರಾಜೆಕ್ಟ್ ಇದೇ. ಬೆಂಗಳೂರಿನ ಕಾಲೇಜಿನವರು ಇಲ್ಲಿ ಬಂದು ಮಾಡುವುದು ಕಷ್ಟ, ನಿಮಗೆ ಪಕ್ಕದ ಕೋಣೆಯಲ್ಲೇ ಇದೆ.

ರೇಟಿಂಗ್ ಅಂಕಿ ಬಳಸುವುದಾದರೆ ಒಂದು ಅಭ್ಯಾಸ ಮಾಡಿಕೊಳ್ಳಿ. 'ನಂಬರ್ 1' ಅನ್ನುವ ಜಾಹೀರಾತಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಯಾವ ಮಾರ್ಕೆಟ್, ನಗರವಾ ಹಳ್ಳಿಯಾ ಎರಡೂನಾ, ಯಾವ ವಯಸ್ಸು, ದಿನದ ಯಾವ ಹೊತ್ತು, ಯಾವ ವಾರ. ಅದನ್ನು ಪೂರ್ತಿ ಬರೆದುಕೊಳ್ಳಿ. ಒಂದೇ ವಾರದಲ್ಲಿ ಎರಡು ಚಾನೆಲ್ ನಂಬರ್ 1 ಅಂದುಕೊಂಡರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು, ಒಬ್ಬರು ಸಂಜೆಯ ಲೆಕ್ಕ, ಇನ್ನೊಬ್ಬರು ಇಡೀ ದಿನದ ಲೆಕ್ಕ. ಸುದ್ದಿ ಚಾನೆಲ್ ಆದರೆ ಇನ್ನೂ ಜೋಪಾನ. 2020ರ ಅಕ್ಟೋಬರ್‌ನಲ್ಲಿ ಟಿಆರ್‌ಪಿ ಪ್ರಕರಣ (ಮೀಟರ್ ಇರುವ ಮನೆಗಳಿಗೆ ದುಡ್ಡು ಕೊಟ್ಟು ರೇಟಿಂಗ್ ಏರಿಸಿದರು ಅನ್ನುವ ಆರೋಪ) ಹೊರಬಂದ ಮೇಲೆ ಸುದ್ದಿ ಚಾನೆಲ್‌ಗಳ ವಾರದ ರೇಟಿಂಗ್ ನಿಲ್ಲಿಸಿದರು, ಮತ್ತೆ ಕೊಟ್ಟಿದ್ದು 2022ರ ಮಾರ್ಚ್‌ನಲ್ಲಿ, ಅದೂ ನಾಲ್ಕು ವಾರದ ಸರಾಸರಿಯಾಗಿ. ಹಾಗಾಗಿ 2021ರ ಸುದ್ದಿ ಚಾನೆಲ್ ವಾರದ ರೇಟಿಂಗ್ ಅಂತ ಯಾರಾದರೂ ಟೇಬಲ್ ಕೊಟ್ಟರೆ ತಗೊಳ್ಳಬೇಡಿ.

ಚಾನೆಲ್‌ನ ಬೆಲೆಗೆ ಬಂದರೆ, 2019ರ ಫೆಬ್ರವರಿಯಿಂದ ಫೋನ್ ಮತ್ತು ಕೇಬಲ್ ಸೇವೆಗಳಿಗೆ ನಿಯಮ ಮಾಡುವ ಟ್ರಾಯ್‌ನ ನಿಯಮದಂತೆ ಪ್ರತಿ ಪೇ ಚಾನೆಲ್‌ಗೂ, ಅಂದರೆ ದುಡ್ಡು ಕೊಟ್ಟು ನೋಡುವ ಚಾನೆಲ್‌ಗೂ, ಒಂದು ಎಂಆರ್‌ಪಿ ಇದೆ. ಮನೆಯ ಕೇಬಲ್ ಪ್ಯಾಕ್ ತೆರೆದು ನೋಡಿ, ಕನ್ನಡ ಚಾನೆಲ್ ಪ್ಯಾಕ್‌ನಲ್ಲೇ ಬಂದಿದೆಯಾ, ಬಿಡಿಯಾಗಿ ಹಾಕಿಸಿಕೊಂಡಿದ್ದೀರಾ ಅಂತ. ಆಮೇಲೆ ಕೇಬಲ್‌ವಾಲಾನನ್ನು ಮಾತಾಡಿಸಿ. ಯಾವ ಬಿಲ್ಡಿಂಗ್‌ನಲ್ಲಿ ಎಷ್ಟು ಮನೆಯವರು ಕನ್ನಡ ಚಾನೆಲ್ ಕೇಳುತ್ತಾರೆ, ಯಾರು ಕನೆಕ್ಷನ್ ತೆಗೆಸಿ ಮೊಬೈಲ್‌ಗೆ ಹೋದರು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಮರಾಠಿಯಲ್ಲಿ ಮಾತಾಡಿಸಿ, ಚಹಾ ಕುಡಿಸಿ, ಅವಸರ ಮಾಡಬೇಡಿ. ಮನೆಗಳ ಹೆಸರು ಮಾತ್ರ ಬರೆದುಕೊಳ್ಳಬೇಡಿ, ಸಂಖ್ಯೆ ಸಾಕು.

ಕಂಪನಿಯ ದುಡ್ಡಿನ ವಿಷಯಕ್ಕೆ ಬಂದರೆ, ಉದಯ ಚಾನೆಲ್‌ನ ಒಡೆಯರಾದ ಸನ್ ಟಿವಿ ಮತ್ತು ಜೀ ಕನ್ನಡದ ಒಡೆಯರಾದ ಜೀ ಎರಡೂ ಷೇರುಪೇಟೆಯಲ್ಲಿರುವ ಕಂಪನಿಗಳು, ವಾರ್ಷಿಕ ವರದಿ ಎಲ್ಲರಿಗೂ ಸಿಗುತ್ತದೆ. ಜಾಹೀರಾತಿನಿಂದ ಎಷ್ಟು, ಚಂದಾದಿಂದ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ. ಆದರೆ ಅದು ಇಡೀ ಕಂಪನಿಯ ಲೆಕ್ಕ, ಒಂದೇ ಚಾನೆಲ್‌ನದ್ದಲ್ಲ, ಅದನ್ನು ಹಾಗೇ ಬರೆಯಿರಿ.

ಯಾವ ಚಾನೆಲ್ ಯಾರದು ಅನ್ನುವ ಚಾರ್ಟ್‌ನ ಮೇಲೆ ತಾರೀಖು ಹಾಕುವುದನ್ನು ಮರೆಯಬೇಡಿ. 2024ರ ನವೆಂಬರ್‌ನಲ್ಲಿ ಸ್ಟಾರ್ ಮತ್ತು ಕಲರ್ಸ್ ಚಾನೆಲ್‌ಗಳ ವಯಾಕಾಮ್18 ಸೇರಿ ಜಿಯೋಸ್ಟಾರ್ ಆಯಿತು, ಅಲ್ವಾ. ಅಲ್ಲಿಯವರೆಗೆ ಎದುರಾಳಿಗಳಾಗಿದ್ದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಅವತ್ತಿನಿಂದ ಒಂದೇ ಮನೆಯವು. ಜೀ ಮತ್ತು ಸೋನಿ ಸೇರುತ್ತವೆ ಅಂತ 2021ರಲ್ಲಿ ಘೋಷಣೆಯಾಗಿತ್ತು, 2024ರ ಜನವರಿಯಲ್ಲಿ ಅದು ಮುರಿದುಬಿತ್ತು. ಹಳೆಯ ಚಾರ್ಟ್‌ಗಳಲ್ಲಿ ಇವೆರಡೂ ಇನ್ನೂ ತಪ್ಪಾಗಿಯೇ ಇವೆ, ಮಕ್ಕಳು ಅದನ್ನೇ ಎತ್ತಿ ಹಾಕುತ್ತಾರೆ.

ಲಾಗ್ ಶೀಟ್‌ನ ಖಾಲಿ ನಮೂನೆ ಬೇಕಿದ್ದವರು ಕೇಳಿ, ಕಳಿಸುತ್ತೇನೆ. ವಾರದ ದಿನ ಒಂದು, ಭಾನುವಾರ ಒಂದು ಅಂತ ಎರಡೂ ಮಾಡಿ, ಭಾನುವಾರದ ಸಂಜೆಯ ಜಾಹೀರಾತುಗಳೇ ಬೇರೆ ಇರುತ್ತವೆ.