ಶುಗರ್‌ಗೆ ವಯಸ್ಸಿನ ಲೆಕ್ಕವಿಲ್ಲ

ಗೋವಾದ ವಾಸ್ಕೋದಲ್ಲಿರುವ ನಮ್ಮ ಬಿಲ್ಡಿಂಗ್‌ನಲ್ಲಿ ಶುಗರ್ ಇಲ್ಲದ ಮನೆ ಹುಡುಕುವುದೇ ಕಷ್ಟ. ಸುಮ್ನೆ ಹೇಳುತ್ತಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯಲ್ಲಿ ಗೋವಾವೇ ದೇಶಕ್ಕೆ ಮೊದಲು. ದೊಡ್ಡವರಲ್ಲಿ ಶೇ. 26.4 ಮಂದಿಗೆ ಮಧುಮೇಹ. ದೇಶದ ಸರಾಸರಿ ಶೇ. 11.4. ಬಹುಪಾಲು ಟೈಪ್ 2, ಅಂದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ದೇಹದಲ್ಲಿದ್ದರೂ ಸರಿಯಾಗಿ ಕೆಲಸ ಮಾಡದ ಬಗೆ; ವಯಸ್ಸಾದಂತೆ ಜಾಸ್ತಿ.

ಮೇಲಿನ ಮನೆಯ ಧಾರವಾಡದ ಅಕ್ಕನ ಮಗಳಿಗೆ ಒಂಬತ್ತು ವರ್ಷಕ್ಕೇ ಬಂದದ್ದು ಟೈಪ್ 1. ಇದರಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ದೇಹವೇ ನಾಶ ಮಾಡಿಬಿಡುತ್ತದೆ. "ಚಾಕೊಲೇಟ್ ಜಾಸ್ತಿ ಕೊಟ್ರಾ?" ಅಂತ ಅಕ್ಕನನ್ನು ಕೇಳುವವರನ್ನು ಕಂಡರೆ ನನಗೆ ಸಿಟ್ಟು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಟೈಪ್ 1 ಮಕ್ಕಳಿಗಷ್ಟೇ ಅಂತಲೂ ಇಲ್ಲ. ನಲವತ್ತರಲ್ಲೂ ಶುರುವಾಗಬಹುದು; ಆಗ ಟೈಪ್ 2 ಅಂದುಕೊಂಡು, ಇನ್ಸುಲಿನ್ ಬೇಕಾದವರಿಗೆ ಬರೀ ಗುಳಿಗೆ ಕೊಡುವುದೂ ಉಂಟು. ಅತ್ತ ಟೈಪ್ 2 ಇಪ್ಪತ್ತೈದು, ಮೂವತ್ತರ ಹುಡುಗರಲ್ಲೂ ಕಾಣಿಸುತ್ತಿದೆ.